ಕುಡ್ಲು ಹಿಡಿದು ಹೊರಟ ವಾಕಿಂಗು

ಮೊನ್ನೆ ಬೂದಿಗೆರೆ ರಸ್ತೆಯ ಹೊಸ ಅಂಗಡಿಯೊಂದರಲ್ಲಿ ಒಣಗಿದ ಹೀರೇಕಾಯಿ ನಾರನ್ನು ಚೆಂದದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಮೈ ತಿಕ್ಕಿಕೊಳ್ಳಲಿಕ್ಕಂತೆ. ಕಂಡಿದ್ದೇ ತಡ, ನನ್ನ ಕೈ ತಾನಾಗಿಯೇ ಕತ್ತಿನ ಹಿಂಭಾಗಕ್ಕೆ ಹೋಯಿತು. ನೀವು ನಗಬಹುದು. ಹದಿನೈದರ ವಯಸ್ಸಿನಲ್ಲಿ ನಿಮ್ಮ ಕತ್ತೂ ನಮ್ಮಮ್ಮನ ಕೈಗೆ ಸಿಕ್ಕಿದ್ದರೆ ನಗುತ್ತಿರಲಿಲ್ಲ.

ಆಗ ನಾವು ತೂಬಗೆರೆ ಹತ್ತಿರದ ಹಳ್ಳಿಯಲ್ಲಿದ್ದೆವು. ನಾನು ದಪ್ಪಗಿದ್ದೆ. 'ಮೈಕೈ ತುಂಬಿಕೊಂಡಿದ್ದಾಳೆ' ಎನ್ನುವುದು ನೆಂಟರ ಮರ್ಯಾದೆಯ ಮಾತು. ಕನ್ನಡಿಗೆ ಅಷ್ಟು ಮರ್ಯಾದೆ ಗೊತ್ತಿರಲಿಲ್ಲ. ಶಾಲೆಯ ವ್ಯಾನು ಬಾಗಿಲಿಗೇ ಬಂದು ಬಾಗಿಲಿಗೇ ಬಿಡುತ್ತಿತ್ತು. ಉಳಿದಂತೆ ನನ್ನ ಕಾಲುಗಳ ಪ್ರಯಾಣ ಟಿವಿಯಿಂದ ಅಡುಗೆಮನೆಯ ಡಬ್ಬಿಯವರೆಗೆ. ಆ ವರ್ಷ ಕತ್ತಿನ ಹಿಂದೆ ಒಂದು ಕಪ್ಪು ಪಟ್ಟಿ ಮೂಡಿತು. ಅಮ್ಮ ಅದನ್ನು ಕೊಳೆ ಎಂದು ತೀರ್ಮಾನಿಸಿದಳು. ಪ್ರತಿ ಭಾನುವಾರ ಎಣ್ಣೆ, ಸೀಗೆಪುಡಿ, ಹೀರೇಕಾಯಿ ನಾರು, ಜೊತೆಗೆ ಸೀದ ಪಾತ್ರೆ ಉಜ್ಜುವ ಹಟ.

"ಇಷ್ಟ್ ದೊಡ್ಡೋಳಾಗಿದೀಯ, ಕತ್ತು ತೊಳ್ಕೊಳ್ಳೋಕ್ ಬರಲ್ವಾ? ನೋಡ್ದೋರು ಏನಂತಾರೆ?"

ಕತ್ತು ಕೆಂಪಾಗುತ್ತಿತ್ತು, ಕಪ್ಪು ಮಾತ್ರ ಅಲ್ಲೇ ಇರುತ್ತಿತ್ತು.

ಒಮ್ಮೆ ಜ್ವರ ಬಂದು ದೊಡ್ಡಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನಾಲಗೆ ನೋಡುವ ಬದಲು ಕತ್ತು ನೋಡಿದರು. "ಇದು ಕೊಳೆ ಅಲ್ಲಮ್ಮ, ಉಜ್ಜಿದ್ರೆ ಹೋಗಲ್ಲ. ಮೈಯೊಳಗೆ ಸಕ್ಕರೆ ಏರುಪೇರಾಗೋ ಮುಂಚೆ ಹಿಂಗೂ ಕಾಣಿಸ್ಕೊಳ್ಳತ್ತೆ." ರಕ್ತ ಪರೀಕ್ಷೆಯಾಯಿತು. ಕಾಯಿಲೆ ಇನ್ನೂ ಒಳಗೆ ಬಂದಿರಲಿಲ್ಲ, ಹೊಸಿಲಲ್ಲಿ ನಿಂತಿತ್ತು. "ದಿನಾ ನಡೀಬೇಕು, ಬೆವರು ಬರೋ ಹಂಗೆ. ಮಳೆಗಾಲ ಕಳೀಲಿ, ಇನ್ನೊಂದ್ಸಲ ನೋಡೋಣ. ಆಗ್ಲೂ ಇಳೀದಿದ್ರೆ ಮಾತ್ರೆ ಶುರು ಮಾಡ್ಬೇಕಾಗುತ್ತೆ."

ಅಪ್ಪ ಆಗಲೇ ಹೊತ್ತುಹೊತ್ತಿಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದವನು. ವಿಷಯ ಕೇಳಿ, ಮುದ್ದೆ ಮುರಿಯದೆ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟ. "ಹೊಲ ಗದ್ದೆ ಕೊಡ್ಬೇಕಾದ ಅಪ್ಪ ಇದನ್ನ ಕೊಟ್ಬಿಟ್ನಲ್ಲ ಮಗೀಗೆ," ಅಂದ. ನನಗೆ ಸೂಜಿಯ ಭಯವಿತ್ತು, ನಿಜ. ಆದರೆ ಅಪ್ಪನ ಆ ಮುಖ ನೋಡಿ ಆದ ಸಂಕಟ ಅದಕ್ಕಿಂತ ದೊಡ್ಡದು. ನಾಳೆಯಿಂದಲೇ ನಡೆಯುತ್ತೇನೆ ಅಂದೆ.

ಹಳ್ಳಿಯಲ್ಲಿ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೋ ಇಲ್ಲವೋ. ನಮ್ಮೂರಲ್ಲಿ ಕಾಲು ಇರುವುದು ಎಲ್ಲಿಗಾದರೂ ಹೋಗಲಿಕ್ಕೆ. "ಎಲ್ಲಿಗಮ್ಮ ಹೊರಟೆ?" ಎಂದರೆ ಊರಿನ ಹೆಸರು ಹೇಳಬೇಕು, ಇಲ್ಲವೇ ತೋಟದ ಹೆಸರು. "ಎಲ್ಲಿಗೂ ಇಲ್ಲ, ವಾಕಿಂಗು" ಎಂಬುದು ಯಾರಿಗೂ ಉತ್ತರವೆನಿಸಲಿಲ್ಲ. ಮನೆಯಲ್ಲಿ ಜಗಳವಾಡಿಕೊಂಡು ಬಂದಿರಬೇಕೆಂದು ಒಬ್ಬರು ಕೂರಿಸಿ ಕಾಫಿ ಕೊಟ್ಟರು. ಇನ್ನೊಬ್ಬರು ಸಮಾಧಾನಕ್ಕೆ ಚಕ್ಕುಲಿಯನ್ನೂ ಕೊಟ್ಟರು. ಬೇಡ ಅನ್ನಲು ನನಗೂ ಅಷ್ಟೇನೂ ಬಾಯಿ ಬರಲಿಲ್ಲ, ಬಿಡಿ. ಪಕ್ಕದ ಮನೆಯ ನಾರಾಯಣಪ್ಪ ಮಾವನಂತೂ ಮೊಪೆಡ್ಡು ಅಡ್ಡ ನಿಲ್ಲಿಸಿಯೇಬಿಟ್ಟ.

"ಹತ್ತಮ್ಮ. ನಾನಿದ್ದೂ ನೀನ್ ನಡ್ಕೊಂಡೋಗದಾ?"

"ನಡೀಬೇಕು ಮಾವ, ಡಾಕ್ಟ್ರು ಹೇಳವ್ರೆ."

"ಅವ್ರು ಹೇಳ್ತಾರೆ, ಕಾಲ್ ನೋಯದು ನಿಂದಲ್ವಾ? ಹತ್ತು!"

ಬೆವರಲು ಹೋದವಳು ಮೊಪೆಡ್ಡಿನ ಗಾಳಿಗೆ ತಂಪಾಗಿ, ಚಕ್ಕುಲಿ ತುಂಬಿದ ಹೊಟ್ಟೆಯೊಂದಿಗೆ ಮನೆಗೆ ಬಂದಿಳಿಯುತ್ತಿದ್ದೆ.

ಕೊನೆಗೆ ಅಮ್ಮ ಕೊಟ್ಟಿಗೆಯಿಂದ ಹುಲ್ಲು ಕೊಯ್ಯುವ ಕುಡ್ಲು ತಂದು ಕೈಗಿತ್ತಳು. "ಇದನ್ನ ಹಿಡ್ಕೊಂಡ್ ಹೋಗು. ಒಬ್ರಾದ್ರೂ ಕೇಳ್ತಾರಾ ನೋಡು."

ಒಬ್ಬರೂ ಕೇಳಲಿಲ್ಲ. ಊರಿಗೆ ಊರೇ ನನಗೆ ದಾರಿ ಬಿಟ್ಟಿತು. ಆದರೆ ಕುಡ್ಲು ಹಿಡಿದು ಹೋದವಳು ಬರಿಗೈಯಲ್ಲಿ ಬಂದರೆ ಅದೇ ಇನ್ನೊಂದು ಸುದ್ದಿಯಾಗುತ್ತದೆ. ಹಾಗಾಗಿ ಹುಲ್ಲು ಕೊಯ್ಯಲೇಬೇಕಾಯಿತು. ಮೊದಮೊದಲು ಅಂಗೈಯಲ್ಲಿ ಬೊಬ್ಬೆ ಎದ್ದು, ಸೊಂಟ ಹಿಡಿದುಕೊಂಡು, ಅಮ್ಮನನ್ನು ಬೈದುಕೊಂಡೇ ಕೊಯ್ದೆ. ತಲೆಯ ಮೇಲೆ ಹೊರೆ ಕಂಡ ಮೇಲೆ ನಾರಾಯಣಪ್ಪ ಮಾವನೂ "ಇದ್ನ ಇಟ್ಕೊಂಡ್ ಹತ್ತಕ್ಕಾಗಲ್ಲ ಬಿಡಮ್ಮ" ಎಂದು ಮುಂದೆ ಹೋದ. ಒಂದು ಸಂಜೆ ಕೆರೆ ಏರಿ ಹತ್ತಿ ನಿಂತಾಗ ನನಗೆ ಏದುಸಿರೇ ಬಂದಿರಲಿಲ್ಲ. ಆ ಖುಷಿಗೆ ಅಲ್ಲೇ ಕುಣಿದೆ, ಹೊರೆ ಕೆಳಗೆ ಬಿತ್ತು, ಮತ್ತೆ ಕಟ್ಟಿಕೊಂಡೆ. ನನ್ನ ಮೈ ನನಗೆ ಇಷ್ಟವಾದದ್ದು ಅವತ್ತೇ ಮೊದಲು. ನಮ್ಮ ಹಸುವೂ ದುಂಡುದುಂಡಗಾಗಿ ಹೊಳೆಯತೊಡಗಿತು.

ಮಳೆಗಾಲ ಕಳೆದು ಡಾಕ್ಟರಮ್ಮನ ಹತ್ತಿರ ಹೋದರೆ, ತೂಕದ ಮುಳ್ಳು ಅಷ್ಟೇನೂ ಕದಲಿರಲಿಲ್ಲ. ಅಮ್ಮನ ಮುಖ ಬಾಡಿತು. "ಅಷ್ಟ್ ಹುಲ್ ಕೊಯ್ಸಿದ್ನಲ್ಲ ಡಾಕ್ಟ್ರೇ!"

"ಮುಳ್ಳು ನೋಡ್ಬೇಡಿ, ರಕ್ತದ ರಿಪೋರ್ಟ್ ನೋಡಿ. ಸಕ್ಕರೆ ಇಳಿದಿದೆ. ಮಾತ್ರೆ ಬೇಡ. ಹಿಂಗೇ ನಡೀತಾ ಇರ್ಲಿ."

ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಈಗ ನಾನು ಆರು ತಿಂಗಳ ಬಸುರಿ. ದುಂಡಗೇ ಇದ್ದೇನೆ, ನಡೆಯುವುದನ್ನೂ ಬಿಟ್ಟಿಲ್ಲ. ಬಸುರಿನಲ್ಲಿ ಸಕ್ಕರೆ ಮತ್ತೆ ತಲೆಯೆತ್ತಬಹುದೆಂದು ನಿನ್ನೆ ಗ್ಲೂಕೋಸು ಕುಡಿಸಿ ರಕ್ತ ತೆಗೆದರು. ಅಪ್ಪ ಬೆಳಗಿನಿಂದ ಫೋನು ಹಿಡಿದೇ ಕೂತಿದ್ದನಂತೆ. ಸಂಜೆ ಹೇಳಿದೆ: "ಏನೂ ಇಲ್ಲಪ್ಪ. ಎಲ್ಲ ಸರಿಯಾಗಿದೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಭಾನುವಾರ ಬಾ. ನಿಮ್ಮಮ್ಮಂಗೆ ಒಬ್ಬಟ್ಟು ಮಾಡು ಅಂದಿದೀನಿ."

"ನೀನು ತಿನ್ನೋ ಹಂಗಿಲ್ವಲ್ಲಪ್ಪ?"

"ನಾನ್ ತಿನ್ನಕ್ಕಲ್ಲ ಕಣಮ್ಮ. ನೀನ್ ತಿನ್ನೋದ್ ನೋಡಕ್ಕೆ."

ಹೋಗುತ್ತಿದ್ದೇನೆ. ಒಂದೇ ಒಬ್ಬಟ್ಟು ತಿನ್ನುತ್ತೇನೆ, ಆದರೆ ಬಲು ನಿಧಾನವಾಗಿ, ಅಪ್ಪ ಕಣ್ತುಂಬ ನೋಡುವಷ್ಟು ಹೊತ್ತು.