ಜೀನ್ ಹಾಕದ ಗುಳಿ

ವಿಲ್ನಿಯಸ್‌ನ ಗೆನೊವೈತೆಯವರ ಬಗ್ಗೆ ಬರೆಯಲು ಕಾರಣ ಒಂದೇ. ಯಾರೂ ಕೇಳದಿದ್ದರೂ ತಮ್ಮ ತಪ್ಪನ್ನು ತಾವೇ ಹುಡುಕಿ ಹೊರಗೆಳೆದವರು ಅವರು.

ಇಪ್ಪತ್ತಾರು ವರ್ಷದಿಂದ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ರಸ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಚರಟ ಬಿಟ್ಟು ರಸ ಉಳಿಸಿಕೊಳ್ಳುವುದು. ಆ ರಸಕ್ಕೆ ಜೀವವಿಲ್ಲ, ಕೆಲಸ ಮಾತ್ರ ಗೊತ್ತು. ಯಾವ ಜೀನ್ ಹಾಕಿದರೂ ಅದು ಹೇಳುವ ಕಿಣ್ವವನ್ನು ಕಟ್ಟಿಕೊಡುತ್ತದೆ.

ಆ ವರ್ಷ ಬೇಕಿದ್ದದ್ದು ಫ್ರಿಜ್ಜಿನ ಚಳಿಯಲ್ಲೂ ಹಾಲಿನ ಸಕ್ಕರೆ ಒಡೆಯುವ ಕಿಣ್ವ. ಜೀನನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ನೂರಾರು ಬಗೆ ಮಾಡಿ, ಚೆನ್ನಾಗಿ ದುಡಿದದ್ದನ್ನು ಆರಿಸಿ, ಅದನ್ನೇ ಮತ್ತೆ ಬದಲಿಸುತ್ತಿದ್ದರು. ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಪುಟ್ಟ ಗುಳಿಗೂ ರಸ, ಒಂದು ಬಗೆಯ ಜೀನ್, ಬಣ್ಣ ತೋರಿಸುವ ಮದ್ದು ಹಾಕುತ್ತಾರೆ; ಕಿಣ್ವ ದುಡಿದರೆ ಗುಳಿ ಹಳದಿಯಾಗುತ್ತದೆ. ಮೂರು ಸುತ್ತಿನಲ್ಲಿ ಕಂಡದ್ದು ಅಲ್ಲೊಂದು ಇಲ್ಲೊಂದು ತೆಳು ಹಳದಿ. ನಾಲ್ಕನೇ ಸುತ್ತಿಗೆ ತೊಂಬತ್ತಾರು ಗುಳಿಯ ತಟ್ಟೆ ಪೂರ್ತಿ ಹಳದಿ. ಸೋಮವಾರ ಡೇರಿಯವರು ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

"ಜೀನ್ ಹಾಕದ ಗುಳಿ ಎಲ್ಲೋ?" ಎಂದರು ಗೆನೊವೈತೆ.

ತಂಡದ ಮುಖ್ಯಸ್ಥ ಔರಿಮಾಸ್ ನಕ್ಕ. "ಅದನ್ಯಾಕೆ ದಂಡ ಮಾಡೋದು ಚಿಕ್ಕಮ್ಮ? ಅಲ್ಲೂ ಒಂದು ಬಗೆ ಹಾಕ್ದೆ. ಹಳದಿ ಕಂಡ್ರೆ ನಿಮಗೆ ಹೊಟ್ಟೆಕಿಚ್ಚಾ?"

"ಕ್ಲಾಸಲ್ಲಿರೋ ತೊಂಬತ್ತಾರು ಮಕ್ಕಳೂ ಫಸ್ಟ್ ಬಂದ್ರೆ, ಆ ಮೇಷ್ಟ್ರನ್ನ ನಂಬ್ತೀಯಾ ನೀನು?"

ಅವರು ಹತ್ತು ಗುಳಿಗೆ ಜೀನ್ ಒಂದನ್ನು ಬಿಟ್ಟು ರಸ, ಮದ್ದು ಹಾಕಿಟ್ಟರು. ಬೀಟ್‌ರೂಟಿನ ತಣ್ಣನೆಯ ಸೂಪು ಕುಡಿದು ಬರುವಷ್ಟರಲ್ಲಿ ಹತ್ತೂ ಹಳದಿ. ಹಾಲಿನ ಸಕ್ಕರೆ ಒಡೆಯಲು ಬಾರದ ತಳಿಯಿಂದಲೇ ರಸ ತೆಗೆಯಬೇಕು. ಫ್ರೀಜರ್ ತೆರೆದು ನೋಡಿದರೆ, ಈ ಸಲ ತಾವು ತೆಗೆದದ್ದು ಅದರ ಪಕ್ಕದ, ಸಕ್ಕರೆ ಒಡೆಯಬಲ್ಲ ತಳಿಯ ಸೀಸೆ.

"ತಪ್ಪು ನಂದು ಕಣೋ. ಬೇರೆ ತಳಿ ಬೆಳೆಸಿದೀನಿ. ಹಳದಿ ಮಾಡಿದ್ದು ನಿನ್ನ ಕಿಣ್ವ ಅಲ್ಲ, ನನ್ನ ರಸ."

ಔರಿಮಾಸ್ ಹಳದಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. "ಡೇರಿಯವರಿಗೆ ಗೊತ್ತಾಗಲ್ಲ."

"ಹಾಲಿಗೆ ಗೊತ್ತಾಗುತ್ತೆ."

ಗುರುವಾರವೇ ಸರಿಯಾದ ತಳಿ ಬೆಳೆಸಲು ಇಟ್ಟರು. ಮೊದಲ ಸಲ ಬ್ಯಾಕ್ಟೀರಿಯಾ ಒಡೆಯುವಾಗ ರಸ ಬಿಸಿಯಾಗಿ ಕೆಟ್ಟಿತು. ಚೆಲ್ಲಿ ಮತ್ತೆ ಬೆಳೆಸಿದರು. ಭಾನುವಾರ ಹೊಸ ರಸ ಹಾಕಿದ ಎರಡು ತಟ್ಟೆ ಬಣ್ಣವೇರದೆ ನೀರಿನಂತೆಯೇ ಉಳಿದವು. "ಸಾಕು ಬಿಡಿ ಚಿಕ್ಕಮ್ಮ," ಎಂದ ಔರಿಮಾಸ್. ಅವರು ಮೂರನೆಯದನ್ನು ಇಟ್ಟರು. ಅದರಲ್ಲಿ ಒಂದೇ ಒಂದು ಗುಳಿ ಹಳದಿಯಾಯಿತು.

ಸೋಮವಾರ ಗೆನೊವೈತೆ ಡೇರಿಯವರ ಮುಂದೆ ಹಳೆಯ ತಟ್ಟೆ, ಹೊಸ ತಟ್ಟೆ ಎರಡನ್ನೂ ಇಟ್ಟು, ಯಾವುದು ಸುಳ್ಳು ಎಂದು ತಾವೇ ಹೇಳಿದರು. ಡೇರಿಯವರು ಆ ಒಂದು ಗುಳಿಯ ಕಿಣ್ವದ ಕೆಲಸವೇ ಮುಂದುವರಿಯಲಿ ಎಂದರು.

ವಿಲ್ನಿಯಸ್‌ಗೆ ಹೋದರೆ ಗೆನೊವೈತೆಯವರನ್ನು ಕಂಡು ಬನ್ನಿ. ಹತ್ತು ಗಂಟೆಗೆ ಮೊದಲು ಬೇಡ, ರಸ ತೆಗೆಯುವಾಗ ಅವರು ಯಾರೊಡನೆಯೂ ಮಾತಾಡುವುದಿಲ್ಲ.