ದೂಜನಿಗೆ ಕೇಳಿಸದ ನೀರು

ಮುಂಬಯಿಯ ಘಾಟ್ಕೋಪರಿನ ಆ ಗಲ್ಲಿಯಲ್ಲಿ ಗ್ರಿಲ್ ಮಾಡುವವರಿದ್ದರು, ಹೋಟೆಲಿನ ಸಿಂಕ್ ಬೆಸೆಯುವವರಿದ್ದರು. ದೂಜನ ಕೆಲಸ ಮಾತ್ರ ಬೇರೆ. ಸ್ಟೀಲಿನ ಕೊಳವೆಯನ್ನು ಕಾಯಿಸಿ, ಬಗ್ಗಿಸಿ, ಗಿಡದ ದಂಟಿನಂತೆ ನಿಲ್ಲಿಸುತ್ತಿದ್ದ. ಅದಕ್ಕೆ ದಪ್ಪ ಗಾಜಿನ ಎಲೆಗಳನ್ನು ಕೂರಿಸಿ, ಒಂದೆಲೆಯಿಂದ ಇನ್ನೊಂದಕ್ಕೆ ನೀರು ಇಳಿಯುವಂತೆ ಮಾಡುತ್ತಿದ್ದ. ಬಂಗಲೆಯವರು, ದೊಡ್ಡ ಸೊಸೈಟಿಯವರು ತಮ್ಮ ತೋಟಕ್ಕೆಂದು ಇಂಥ ಕಾರಂಜಿಗಳನ್ನು ಹೇಳಿ ಮಾಡಿಸಿಕೊಂಡು ಹೋಗುತ್ತಿದ್ದರು.

ನೋಡಲು ಚಂದವಾಗಿ ಯಾರು ಬೇಕಾದರೂ ಮಾಡಿಯಾರು. ದೂಜನ ಹೆಚ್ಚುಗಾರಿಕೆ ಇದ್ದದ್ದು ಸದ್ದಿನಲ್ಲಿ. ಗಾಜು ಕೂದಲೆಳೆಯಷ್ಟು ಓರೆಯಾದರೂ ನೀರಿನ ಸ್ವರ ಬದಲಾಗುತ್ತದೆ. ಕಣ್ಣು ಮುಚ್ಚಿ ಕೂತು, ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಕಿವಿಗೊಟ್ಟು, ಹೀಗೇ ಇಡೀ ದಿನ ಕಳೆಯುತ್ತಿದ್ದ. "ಇದರ ಹತ್ತಿರ ಕೂತರೆ ರಸ್ತೆಯ ಹಾರ್ನು ಕೇಳಿಸುವುದೇ ಇಲ್ಲ" ಎಂದು ಜನ ಹೊಗಳಿದರೆ ತಲೆ ತಗ್ಗಿಸಿ ನಗುತ್ತಿದ್ದ.

ಮೂವತ್ತು ವರ್ಷ ಸ್ಟೀಲು ಉಜ್ಜುವ ಗ್ರೈಂಡರಿನ ಮುಂದೆ ಬಗ್ಗಿದ ಕಿವಿ ಅದು. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಮನೆಯ ಬೆಲ್ಲು, ಮಗಳು ಶ್ರಾವ್ಯಾಳ ಮಾತಿನ ತುದಿಗಳು. ಡಾಕ್ಟರು ನರ ಸತ್ತಿದೆ ಎಂದರು, ಕಿವಿಗೆ ಹಾಕುವ ಮಿಷನ್ ಕೊಟ್ಟರು. ಅದನ್ನು ಹಾಕಿಕೊಂಡರೆ ಎದುರು ನಿಂತವರ ಮಾತು ಹೇಗೋ ತಿಳಿಯುತ್ತಿತ್ತು. ನೀರು ಮಾತ್ರ ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಚರಚರ ಎನ್ನುತ್ತಿತ್ತು.

ನೀರಿನ ಸ್ವರ ತನಗೆ ತಿಳಿಯದಾಯಿತೆಂಬ ಸಂಗತಿಯನ್ನು ಅವನು ಹೆಂಡತಿ ವಾರಿಜಾಳಿಗೆ ಮಾತ್ರ ಹೇಳಿದ. ಅಂದಿನಿಂದ ಅವಳು ಮಧ್ಯಾಹ್ನದ ಅಡುಗೆ ಮುಗಿಸಿ ವರ್ಕ್‌ಶಾಪಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ಅವನು ಪಂಪ್ ಹಾಕಿ ಅವಳ ಮುಖ ನೋಡುತ್ತಿದ್ದ.

"ಹೇಗುಂಟು?"

"ಚಂದ ಉಂಟು. ಮೊದಲಿನ ಹಾಗೆಯೇ."

ಹಾಗೆ ಮೂರು ವರ್ಷ ನಡೆಯಿತು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಪವಾಯಿಯಿಂದ ಪ್ರಿಯಂವದಾ ಎಂಬುವವರು ಬಂದರು. ಮೈಸೂರು ಕಡೆಯವರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಗಂಡ ಹಿರಿಯಣ್ಣ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದರು. "ಕೊನೇಲಿ ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ. ಬಕೆಟ್ಟಿಗೆ ನೀರು ಬೀಳೋ ಸದ್ದು ಕೇಳಿದ್ರೂ ಸಮಾಧಾನ ಆಗೋದು. ನಮ್ಮದು ನೆಲಮಹಡಿ ಮನೆ, ಹಿಂದೆ ಒಂಚೂರು ತೋಟ ಇದೆ. ಅಲ್ಲಿಗೊಂದು ಮಾಡ್ಕೊಡ್ತೀರಾ?" ಎಂದರು.

ದೂಜ ಎರಡು ತಿಂಗಳು ಅದರಲ್ಲೇ ಮುಳುಗಿದ. ಐದು ದಂಟು, ಒಂಬತ್ತು ಎಲೆ. ವಾರಿಜಾ ಚಂದ ಉಂಟು ಎಂದ ಮೇಲೆಯೇ ಟೆಂಪೋಗೆ ಹೇರಿದ್ದು.

ತೋಟದಲ್ಲಿ ನಿಲ್ಲಿಸಿ ಬಂದ ನಾಲ್ಕನೆಯ ದಿನ ಫೋನು ಬಂತು. ಎತ್ತಿಕೊಂಡವಳು ಶ್ರಾವ್ಯಾ. ಅವಳು ತಂದೆಯ ಎದುರು ಬಂದು ನಿಂತು, ತುಟಿ ಕಾಣುವಂತೆ ನಿಧಾನ ಹೇಳಿದಳು. "ಪಪ್ಪ, ಪವಾಯಿವಾಲಿ ಮೇಡಂ. ಅದು ಕಿರ್ರ್ ಅಂತ ಆವಾಜ್ ಮಾಡ್ತದಂತೆ. ಪ್ಲೇಟ್ ಮೇಲೆ ಚಮ್ಮಚ್ ಎಳೆದ ಹಾಗೆ. ಅವ್ರು ಪಂಪ್ ಬಂದ್ ಮಾಡಿದ್ದಾರೆ."

"ಅಮ್ಮ ಕೇಳಿ ನೋಡಿದ್ದಾಳಲ್ಲ?"

ಶ್ರಾವ್ಯಾ ಅಡುಗೆಮನೆಯ ಕಡೆ ತಿರುಗಿದಳು. ವಾರಿಜಾ ಹೊರಗೆ ಬರಲಿಲ್ಲ.

ದೂಜ ಚಪ್ಪಲಿ ಮೆಟ್ಟಿ ನೇರ ಚೆಂಬೂರಿಗೆ ಹೋದ. ಎರಡು ವರ್ಷದ ಹಿಂದೆ ಅಲ್ಲಿಯ ಸೊಸೈಟಿಯೊಂದಕ್ಕೆ ದೊಡ್ಡದೊಂದನ್ನು ಮಾಡಿಕೊಟ್ಟಿದ್ದ. ಗೇಟಿನೊಳಗೆ ಹೋಗಿ ನೋಡಿದರೆ ಗಾಜಿನ ಎಲೆಗಳ ಮೇಲೆ ಧೂಳು ಗಟ್ಟಿಯಾಗಿತ್ತು. ದಂಟಿನಿಂದ ದಂಟಿಗೆ ಹಗ್ಗ ಬಿಗಿದು ಯಾರೋ ನೆಲ ಒರೆಸುವ ಬಟ್ಟೆ ಒಣಗಿಸಿದ್ದರು. ತೋಟ ನೋಡಿಕೊಳ್ಳುವ ಅಂಗಾರ ದೂಜನ ಊರಿನ ಕಡೆಯವನೇ, ಗುರುತು ಹಿಡಿದು ಓಡಿ ಬಂದ.

"ಇದು ಯಾವಾಗಿನಿಂದ ಹೀಗೆ?"

"ಹಾಕಿದ ತಿಂಗಳಲ್ಲೇ ನಿಲ್ಲಿಸಿದ್ದು ದೂಜಣ್ಣ. ತಲೆನೋವು ಬರ್ತದೆ ಅಂತ ಹೆಂಗಸರು ಕಂಪ್ಲೇಂಟ್ ಕೊಟ್ಟರು. ನಿಮ್ಮ ಮನೆಗೆ ಫೋನ್ ಮಾಡಿದ್ದೆವು. ವಾರಿಜಕ್ಕ ತೆಗೆದರು. ಅವರಿಗೆ ಹೇಳಬೇಡಿ ಅಂತ ಅತ್ತರು. ಮತ್ತೆ ನಾವು ಸುಮ್ಮನಾದೆವು."

ದೂಜ ಆ ಒದ್ದೆ ಬಟ್ಟೆಗಳನ್ನು ಮುಟ್ಟದೆ ಹಿಂದಿರುಗಿದ.

ಮನೆಯಲ್ಲಿ ವಾರಿಜಾ ಕಾದು ಕೂತಿದ್ದಳು. ಅವನು ಕೇಳುವ ಮೊದಲೇ ಹೇಳಿದಳು. "ಮೊದಲನೆಯ ಸಲ ನಿಜ ಹೇಳಬೇಕು ಅಂತಲೇ ಬಾಯಿ ತೆರೆದೆ. ನೀವು ಶಾಲೆಯ ಮಕ್ಕಳು ಮಾರ್ಕ್ಸ್ ಕೇಳುವ ಹಾಗೆ ನನ್ನ ಮುಖ ನೋಡುತ್ತಾ ನಿಂತಿದ್ದಿರಿ. ನನ್ನಿಂದ ಆಗಲಿಲ್ಲ. ಒಂದು ಸಲ ಸುಳ್ಳು ಹೇಳಿದ ಮೇಲೆ ಮತ್ತೆ ಹೇಗೆ ತಿರುಗಿಸುವುದು?"

"ಎಷ್ಟು ಕಡೆ ಹೀಗಾಗಿದೆ?"

"ಪೂರಾ ಏಳು."

ಅವನು ಕಿವಿಯ ಮಿಷನ್ ತೆಗೆದು ಟೇಬಲ್ಲಿನ ಮೇಲಿಟ್ಟ. ಅವಳು ಇನ್ನೂ ಏನೋ ಹೇಳುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಅವನು ಗೋಡೆಯ ಕಡೆ ತಿರುಗಿ ಕೂತ.

ಮರುದಿನ ಪವಾಯಿಗೆ ಒಬ್ಬನೇ ಹೋದ. ಪಂಪ್ ಹಾಕಿ, ನೀರು ಇಳಿಯುತ್ತಿದ್ದಂತೆಯೇ ಒಂದೊಂದು ಎಲೆಯ ಅಂಚಿಗೂ ಬೆರಳು ಹಚ್ಚಿದ. ಆರನೆಯದು ಬೆರಳ ತುದಿಯಲ್ಲಿ ಜ್ವರ ಬಂದವರಂತೆ ನಡುಗುತ್ತಿತ್ತು. ಬಿಚ್ಚಿ, ರಬ್ಬರ್ ಕೊಟ್ಟು, ಮತ್ತೆ ಬಿಗಿದ. ನಡುಕ ನಿಂತಿತು.

"ಮೇಡಂ, ಈಗ ಕೇಳಿ. ನನಗೆ ಇದು ಕೇಳಿಸುವುದಿಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು. ಹೇಗುಂಟೋ ಹಾಗೆ ಹೇಳಿ."

ಪ್ರಿಯಂವದಾ ಬಹಳ ಹೊತ್ತು ಕೇಳಿದರು. "ಆ ಕೀರಲು ಹೋಯ್ತು."

"ಮತ್ತೆ?"

ಅವರು ಅವನ ಮುಖವನ್ನೇ ನೋಡಿದರು. "ಮತ್ತೇನಿಲ್ಲ ದೂಜ ಅವ್ರೇ. ನಲ್ಲಿ ಬಿಟ್ಟ ಹಾಗಿದೆ, ಅಷ್ಟೇ."

ಅವನು ತಲೆಯಾಡಿಸಿದ. ಬೇಕಾದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದ. ಬೇಡ, ಇರಲಿ, ಹಕ್ಕಿಗಳು ನೀರು ಕುಡಿಯೋಕೆ ಬರ್ತವೆ ಎಂದರು ಅವರು. ಕಾಫಿ ತಂದಿಟ್ಟರು. ಕುಡಿಯದೆ ಬರಲು ಮನಸ್ಸಾಗಲಿಲ್ಲ, ಕುಡಿದು ಬಂದ.

ಹೊಸ ವರ್ಷಕ್ಕೆ ಮುಂಚೆಯೇ ವರ್ಕ್‌ಶಾಪ್ ಬೇರೆಯವರ ಪಾಲಾಯಿತು. ಉಳಿದಿದ್ದ ಗಾಜನ್ನು ಮುರಿಗೆಪ್ಪ ಎಂಬ ಫೋಟೋ ಫ್ರೇಮಿನವನು ಗೋಣಿಯಲ್ಲಿ ಸುತ್ತಿ ಒಯ್ದ. ದೂಜ ಈಗ ಮೆಟ್ರೋ ಸ್ಟೇಷನ್ನಿನ ಪಕ್ಕ ಏಳುತ್ತಿರುವ ಟವರಿನಲ್ಲಿ ಬಾಲ್ಕನಿಗಳಿಗೆ ಕಂಬಿ ಬೆಸೆಯುತ್ತಾನೆ. ಹತ್ತೊಂಬತ್ತನೆಯ ಮಹಡಿಯಲ್ಲಿ ಗಾಳಿ ಜೋರು, ಅಲ್ಲಿ ಯಾರಿಗೂ ಯಾರ ಮಾತೂ ಕೇಳಿಸದು, ಮಿಷನ್ ಹಾಕಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಮಧ್ಯಾಹ್ನ ವಾರಿಜಾ ಡಬ್ಬಿ ತಂದು ಕೆಳಗೆ ನಿಲ್ಲುತ್ತಾಳೆ. ಇಬ್ಬರೂ ಸಿಮೆಂಟಿನ ಚೀಲಗಳ ಮೇಲೆ ಕೂತು ಊಟ ಮಾಡುತ್ತಾರೆ. ಉಪ್ಪು ಸರಿ ಉಂಟಾ ಎಂದು ಅವಳು ಕೈಸನ್ನೆಯಲ್ಲಿ ಕೇಳುತ್ತಾಳೆ. ಕಡಿಮೆಯಾಗಿದ್ದರೆ ಕಡಿಮೆ ಎಂದೇ ಅವನು ಹೇಳುತ್ತಾನೆ.