ಹೋರಿ ಡುಬ್ಬಕ್ಕೆ ಹಚ್ಚಿದ ಎಣ್ಣೆ

ರಾಚಪ್ಪನ ಕೈಯ ಎಣ್ಣೆ ವಾಸನೆ ಹೋದದ್ದನ್ನು ಅವನ ಹೆಂಡತಿ ಶಿವವ್ವ ಒಂದು ದಿನವೂ ಕಂಡವಳಲ್ಲ. ನಾಗನೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಗೋಕಾಕ ಫಾಲ್ಸಿನ ನೂಲಿನ ಮಿಲ್ಲು ಸೇರಿದವನು ಅವನು. ಉದ್ದ ಮೂತಿಯ ಡಬ್ಬಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ಹೋಗಿ ಎಣ್ಣೆ ಬಿಡುವುದು ಅಲ್ಲಿ ಅವನ ಕೆಲಸ. ಕಿರುಗುಟ್ಟುವುದು ಏನೇ ಇರಲಿ, ಅವನಿಗೆ ತಡೆಯಲಾಗುತ್ತಿರಲಿಲ್ಲ. ತನ್ನ ಮನೆ ಬಾಗಿಲಾಯಿತು, ನೆರೆಮನೆ ಬಾಗಿಲಾಯಿತು, ಬೀಗರ ಮನೆಗೆ ಹೋದಾಗ ಅವರ ತೊಟ್ಟಿಲಿಗೂ ಎಣ್ಣೆ ಬಿಟ್ಟು ಬಂದ ಪುಣ್ಯಾತ್ಮ. "ನನ್ನ ಮೊಣಕಾಲೂ ಕಿರ್ರ ಅನ್ನಾಕತ್ತಾವು, ಅದಕ್ಕೂ ಎರಡು ಹನಿ ಬಿಡ್ರಿ" ಎಂದು ಶಿವವ್ವ ಕಾಡುತ್ತಿದ್ದಳು.

ಮಿಲ್ಲಿನ ಕೆಲಸ ಮುಗಿದು ಮನೆ ಹಿಡಿದ ಮೇಲೆ ಅವನಿಗೆ ಹೊತ್ತು ಹೋಗದಾಯಿತು. ಕಟ್ಟೆಯ ಮೇಲೆ ಕೂತು, ಹಾದುಹೋಗುವ ಸೈಕಲ್ಲುಗಳ ಚೈನಿನ ಸದ್ದು ಕೇಳಿ ಮುಖ ಸಿಂಡರಿಸುವುದೇ ದಿನಚರಿ. ಅಂಥ ಹೊತ್ತಿಗೆ ಬಾಳೇಶ ಸಿಕ್ಕ. ಬಾಳೇಶ ಹುಕ್ಕೇರಿ ತಾಲೂಕಿನ ದಡ್ಡಿಯವನು. ಬಾದಾಮಿಯ ಬಂಡೆಗಳ ಮೇಲೆ ಏರುವುದನ್ನು ಕಲಿತು, ಆ ಹುಚ್ಚನ್ನು ನಮ್ಮ ಕಡೆಯವರಿಗೂ ಹಿಡಿಸಬೇಕೆಂದು ಗೋಕಾಕದಲ್ಲಿ ಹಳೆಯದೊಂದು ಅರಳೆ ಗೋದಾಮು ಬಾಡಿಗೆಗೆ ತಗೊಂಡಿದ್ದ. ಒಳಗೆ ಎರಡಾಳೆತ್ತರಕ್ಕೂ ಮಿಕ್ಕಿದ ಪ್ಲೈವುಡ್ ಗೋಡೆಗಳು. ಕೆಲವು ನೆಟ್ಟಗೆ, ಕೆಲವು ಮೈಮೇಲೆ ಬರುವಂತೆ ಮುಂದಕ್ಕೆ ಬಾಗಿದವು. ಗೋಡೆ ತುಂಬ ಬೋಲ್ಟು ಹಾಕಿ ಬಿಗಿದ ಬಣ್ಣಬಣ್ಣದ ಹಿಡಿಗಳು. ಹಗ್ಗ ಗಿಗ್ಗ ಏನೂ ಇಲ್ಲ. ಕೈಕಾಲಿನ ಬಲದ ಮೇಲೆ ಏರಬೇಕು, ಬಿದ್ದರೆ ಕೆಳಗೆ ದಪ್ಪ ಗಾದಿ. ಇದನ್ನೆಲ್ಲ ನೋಡಿಕೊಳ್ಳಲು ಬಾಳೇಶನಿಗೆ ನಂಬಿಗಸ್ತ ಮನುಷ್ಯನೊಬ್ಬ ಬೇಕಾಗಿದ್ದ.

ರಾಚಪ್ಪ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಮ್ಯಾಲ ಏನಿಟ್ಟೀಯೋ ತಮ್ಮಾ?"

"ಏನೂ ಇಲ್ರಿ ಕಾಕಾ."

"ಮತ್ತ ಯಾಕ ಏರ್ತಾರ?"

"ಇಳ್ಯಾಕರಿ" ಎಂದ ಬಾಳೇಶ.

ಈ ಮಾತಿಗೆ ನಕ್ಕು ನಕ್ಕು ಸುಸ್ತಾಗಿ ರಾಚಪ್ಪ ಅವತ್ತೇ ಕೆಲಸಕ್ಕೆ ಒಪ್ಪಿಕೊಂಡ. ಬಾಳೇಶ ಅವನನ್ನು ಕೂರಿಸಿಕೊಂಡು ಹೇಳಿದ: "ಗೋಡಿ ಎಷ್ಟ ಎತ್ತರ ಐತಿ ಅನ್ನೂದು ದೊಡ್ಡದಲ್ರಿ ಕಾಕಾ. ಬಿದ್ದಾಗ ಕಾಲು ಗಾದಿ ಸಂದ್ಯಾಗ ಸಿಗಬಾರದು. ಏರಾವ್ರ ಕೆಳಗ ಯಾರೂ ಕುಂದ್ರಬಾರದು. ಹಿಡಿ ಒಣಾ ಇರಬೇಕು. ಏರಾವ್ರಿಗೆ ತಮ್ಮ ಕೈ ಮ್ಯಾಲಷ್ಟ ಲಕ್ಷ್ಯ ಇರಬೇಕು, ಉಳಿದದ್ದೆಲ್ಲಾ ಬರೋಬ್ಬರಿ ಐತಿ ಅಂತ ಅವ್ರು ನಂಬಿರಬೇಕು. ಆ ನಂಬಿಕಿ ಹೋತಂದ್ರ ಗೋದಾಮಿಗೆ ಮತ್ತ ಅರಳಿ ತುಂಬೂದ ಛಲೋ."

ಇಂಥ ಮಾತು ರಾಚಪ್ಪನಿಗೆ ಬೇಗ ತಲೆಗೆ ಹೋಗುತ್ತದೆ. ಗಾದಿಗಳ ಸಂದುಗಳ ಮೇಲೆ ತಾಡಪತ್ರಿಯ ಅಗಲ ಪಟ್ಟಿ ಇಟ್ಟು ದಬ್ಬಣದಲ್ಲಿ ಹೊಲಿದ. ಏರುವವರು ಕೈ ಜಾರದಿರಲೆಂದು ಹಚ್ಚಿಕೊಳ್ಳುವ ಚಾಕ್ ಪುಡಿಯ ಧೂಳು ಹೊರಗೆ ಹೋಗಲೆಂದು ಮೇಲಿನ ಕಿಟಕಿಗಳನ್ನು ತೆರೆಸಿದ. ಹೊಸಬರು ಹೆದರಬಾರದೆಂದು ಬಾಗಿಲ ಬಾಜೂಕ್ಕೆ ಗಿಡ್ಡ ಗೋಡೆಯೊಂದನ್ನು ಬಾಳೇಶನ ಬೆನ್ನು ಹತ್ತಿ ಮಾಡಿಸಿದ. ದಿನಾ ಬೆಳಿಗ್ಗೆ ನಿಚ್ಚಣಿಕೆ ಇಟ್ಟುಕೊಂಡು ಹಿಡಿಗಳನ್ನು ಬ್ರಶ್ಶಿನಿಂದ ತಿಕ್ಕುತ್ತಿದ್ದ. ಮಿಲ್ಲಿನಲ್ಲಿ ಎಣ್ಣೆಯಿಲ್ಲದೆ ಏನೂ ನಡೆಯುತ್ತಿರಲಿಲ್ಲ, ಇಲ್ಲಿ ಎಣ್ಣೆಯೇ ವೈರಿ. ಅದನ್ನೂ ಕಲಿತ. ಒಮ್ಮೆ ಕರದಂಟು ತಿಂದ ತುಪ್ಪದ ಕೈಯಲ್ಲಿ ಗೋಡೆ ಮುಟ್ಟಿದ ವಕೀಲರೊಬ್ಬರನ್ನು ನಳದವರೆಗೆ ನಡೆಸಿಕೊಂಡು ಹೋಗಿ ಸಾಬೂನು ಕೊಟ್ಟು ನಿಂತಿದ್ದ.

ಅಲ್ಲಿಗೆ ಬರುವವರಲ್ಲಿ ಎಲ್ಲರಿಗಿಂತ ಚುರುಕು ದಾಕ್ಷಾಯಿಣಿ. ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಶಿವಗಂಗವ್ವನ ಮಗಳು, ಗೋಕಾಕದಲ್ಲಿ ಕಾಲೇಜು. ಚಿಕ್ಕಂದಿನಿಂದ ಜೋಳದ ಚೀಲ ಎತ್ತಿ ಬೆರಳು ಗಟ್ಟಿಯಾಗಿದ್ದವು. ದೊಡ್ಡ ಗೋಡೆಯ ತುದಿಯಲ್ಲಿ ದುಂಡನೆಯ ಕಂದು ಹಿಡಿಯೊಂದಿತ್ತು. ಬೆರಳು ಸಿಗಿಸಲು ಅಂಚಿಲ್ಲ, ಅಂಗೈ ಒತ್ತಿ ನಂಬಿ ನಿಲ್ಲಬೇಕು. ಹೋರಿಯ ಬೆನ್ನ ಮೇಲಿನ ಗುಬುಟಿನಂತಿದ್ದ ಅದಕ್ಕೆ ಎಲ್ಲರೂ ಹೋರಿ ಡುಬ್ಬ ಎಂದು ಹೆಸರಿಟ್ಟಿದ್ದರು. ಅದನ್ನು ಮೊದಲು ದಾಟಿದವಳು ಇವಳೇ. ಇವಳನ್ನು ನೋಡಿ ಮೂಡಲಗಿಯ ಇನ್ನಷ್ಟು ಹುಡುಗಿಯರು ಬರತೊಡಗಿದ್ದರು.

ಏರುವ ಮೊದಲು ಅವಳು ಯಾವಾಗಲೂ ಕೇಳುವಳು: "ಕಾಕಾ, ಹಿಡಿ ಒರಸೀರಿ?"

"ಒರಸೇನಿ, ಏರವ್ವಾ."

ಅಷ್ಟು ಸಾಕು ಅವಳಿಗೆ. ತಿರುಗಿ ನೋಡದೆ ಏರುವಳು. ಮಿಲ್ಲಿನಲ್ಲಿ ಇಡೀ ಆಯುಷ್ಯ ಕಳೆದರೂ ಯಾರೂ ತನ್ನ ಒಂದು ಮಾತಿನ ಮೇಲೆ ಹೀಗೆ ಮೈಭಾರ ಹಾಕಿರಲಿಲ್ಲ ಎಂದು ರಾಚಪ್ಪನಿಗೆ ಒಳಗೊಳಗೇ ಹೆಮ್ಮೆ.

ದಸರೆ ಬಂತು. ಮಹಾನವಮಿಯ ಖಂಡೇಪೂಜೆ ಎಂದರೆ ರಾಚಪ್ಪನ ಪಾಲಿಗೆ ವರ್ಷದ ದೊಡ್ಡ ದಿನ. ದುಡಿಸಿಕೊಂಡ ಸಾಮಾನನ್ನೆಲ್ಲ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ ಕೈಮುಗಿಯುವುದು ಮಿಲ್ಲಿನ ಪದ್ಧತಿ. ಎಣ್ಣೆ ಸವರುವ ಮಾನ ಪ್ರತಿವರ್ಷ ಅವನದೇ. ಬಾಳೇಶ ಮೊದಲೇ ಹೇಳಿದ್ದ: "ಹೂ ಏರಸ್ರಿ, ಕಾಯಿ ಒಡೀರಿ, ಊದಿನಕಡ್ಡಿ ಹಚ್ಚರಿ. ಹಿಡಿಗೆ ಮಾತ್ರ ಏನೂ ಹಚ್ಚಬ್ಯಾಡ್ರಿ ಕಾಕಾ." ರಾಚಪ್ಪ ಹಾಗೇ ಮಾಡಿದ. ಬ್ರಶ್ಶು, ಬೋಲ್ಟು ಬಿಗಿಯುವ ಪಾನಾ, ನಿಚ್ಚಣಿಕೆ ಎಲ್ಲಕ್ಕೂ ಪೂಜೆಯಾಯಿತು. ಪ್ರಸಾದ ತಗೊಂಡು ಎಲ್ಲರೂ ಮನೆಗೆ ಹೋದರು.

ಬಾಗಿಲು ಹಾಕಲು ಉಳಿದವನು ರಾಚಪ್ಪ ಒಬ್ಬನೇ. ಗೋಡೆ ನೋಡಿದ. ವರ್ಷವಿಡೀ ಮಂದಿಯ ಭಾರ ಹೊತ್ತ ಗೋಡೆಗೆ ಒಂದು ಬೊಟ್ಟು ಎಣ್ಣೆಯಿಲ್ಲ. ಒಂದಕ್ಕೇ ಹಚ್ಚಿದರೆ ಏನಾದೀತು, ಎಲ್ಲಕ್ಕೂ ಮೇಲಿನದಕ್ಕೆ, ಅಲ್ಲಿಯವರೆಗೆ ಹೋಗುವವರಾದರೂ ಎಷ್ಟು ಮಂದಿ ಎಂದುಕೊಂಡ. ನಿಚ್ಚಣಿಕೆ ಏರಿ, ದೀಪದ ಎಣ್ಣೆಯಲ್ಲಿ ಅದ್ದಿದ ಅರಳೆಯಿಂದ ಹೋರಿ ಡುಬ್ಬವನ್ನು ಒಮ್ಮೆ ಸವರಿ, ಕೈಮುಗಿದು, ಮೇಲೆ ಒಣ ಅರಿವೆಯಿಂದ ತಿಕ್ಕಿದ. ಹೊಳಪು ಹೋಯಿತು. ಎಣ್ಣೆಯೂ ಹೋಯಿತೆಂದು ಆ ಎಣ್ಣೆ ಮನುಷ್ಯ ನಂಬಿದ. ಜನ್ಮವಿಡೀ ಎಣ್ಣೆಯಲ್ಲಿ ಕೈಯಾಡಿಸಿದವನಿಗೆ ಅಷ್ಟೂ ತಿಳಿಯದೇ ಹೋಯಿತಲ್ಲ ಎಂದರೆ ಏನು ಹೇಳುವುದು. ಆಸೆ ಇದ್ದಲ್ಲಿ ಬುದ್ಧಿ ಸೊಟ್ಟಗಾಗುತ್ತದೆ.

ಮರುದಿನ ವಿಜಯದಶಮಿ. ಕಾಲೇಜಿಗೆ ಸೂಟಿ, ದಾಕ್ಷಾಯಿಣಿ ಬೆಳಿಗ್ಗೆಯೇ ಬಂದಳು.

"ಕಾಕಾ, ಹಿಡಿ ಒರಸೀರಿ?"

"ಒರಸೇನಿ, ಏರವ್ವಾ" ಎಂದ ರಾಚಪ್ಪ. ನಾಲಿಗೆಗೆ ರೂಢಿಯಾದ ಮಾತು, ತಾನಾಗಿ ಬಂತು. ಅವಳು ಅರ್ಧ ಏರಿದಾಗ ಅವನಿಗೆ ಹಿಂದಿನ ದಿನದ ಅರಳೆ ನೆನಪಾಯಿತು. ಕರೆಯಬೇಕೆಂದು ಬಾಯಿ ತೆರೆದ. ಒರೆಸಿದ್ದೇನಲ್ಲ ಎಂದು ಮುಚ್ಚಿಕೊಂಡ. ಅವಳು ಡುಬ್ಬದ ಮೇಲೆ ಬಲಗೈ ಒತ್ತಿ ಕಾಲು ಎತ್ತಿದಳು. ಕೈ ಜಾರಿತು. ಗಾದಿ ಗಟ್ಟಿಯಿತ್ತು, ಸಂದಿರಲಿಲ್ಲ, ಕಾಲಿಗೆ ಏನೂ ಆಗಲಿಲ್ಲ. ಆದರೆ ಬೀಳುವ ಭರದಲ್ಲಿ ಬಲಗೈ ಊರಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು.

ಬಾಳೇಶ ಅವಳನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದ. ಉಳಿದವರನ್ನು ರಾಚಪ್ಪ ಮನೆಗೆ ಕಳಿಸಿದ. ಬಾಗಿಲು ಹಾಕಿಕೊಂಡ. ನೀರು ಕಾಸಿ, ಸೋಡಾ ಹಾಕಿ, ನಿಚ್ಚಣಿಕೆ ಏರಿ ಹೋರಿ ಡುಬ್ಬವನ್ನು ತಿಕ್ಕಿ ತಿಕ್ಕಿ ತೊಳೆದ. ಬ್ರಶ್ಶಿಗೆ ಚಾಕ್ ಪುಡಿ ಮತ್ತು ಎಣ್ಣೆ ಕಲಸಿದ ಕಣಕದಂಥ ಉಂಡೆ ಹತ್ತಿತ್ತು. ಅದನ್ನೂ ತೊಳೆದ. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಣ್ಣೆ ಹಚ್ಚುವಾಗ ಮೋಸವಿರಲಿಲ್ಲ, ತೊಳೆಯುವಾಗ ಇತ್ತು.

ಮಧ್ಯಾಹ್ನ ಬಾಳೇಶ ಬಂದವನೇ ಗೋಡೆ ಏರಿ ಡುಬ್ಬ ಹಿಡಿದು ಜಗ್ಗಿ ನೋಡಿದ. ಗಟ್ಟಿ, ಒಣ. ರಾಚಪ್ಪ ಕೆಳಗೆ ಗಾದಿ ಗುಡಿಸುತ್ತಿದ್ದ.

ಸಂಜೆ ಇಬ್ಬರೂ ಅವಳನ್ನು ಬಾಡಿಗೆ ಕಾರಿನಲ್ಲಿ ಮೂಡಲಗಿಗೆ ಮುಟ್ಟಿಸಲು ಹೋದರು. "ಹಿಡಿ ಜಾರಿತ್ರಿ ಸರ್" ಎಂದಳು ದಾಕ್ಷಾಯಿಣಿ ಹಿಂದಿನ ಸೀಟಿನಿಂದ.

"ನಾ ಏರಿ ನೋಡೇನಿ. ಹಿಡಿ ಒಣಾ ಐತಿ" ಎಂದ ಬಾಳೇಶ ಮೆಲ್ಲಗೆ. "ನಿನ್ನ ಕೈ ಬೆವತಿರಬೇಕು, ಇಲ್ಲಂದ್ರ ಲಕ್ಷ್ಯ ತಪ್ಪಿರಬೇಕು. ಆಕ್ಕೈತಿ, ಬಿಡು."

ಅವಳು "ಇರಬೇಕ್ರಿ" ಎಂದಳು. ಡ್ರೈವರನ ಬಾಜೂ ಕೂತಿದ್ದ ರಾಚಪ್ಪ ದಾರಿಯನ್ನೇ ನೋಡುತ್ತಿದ್ದ.

ಮೂಡಲಗಿ ಮುಟ್ಟಿದಾಗ ಓಣಿಯಲ್ಲೆಲ್ಲ ಮಂದಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಿದ್ದರು. ಶಿವಗಂಗವ್ವ ಮಗಳ ಕೈ ನೋಡಿ ಅತ್ತು, ಆಮೇಲೆ ಹಬ್ಬದ ದಿನ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ತಟ್ಟೆಯಲ್ಲಿ ಬನ್ನಿ ತಂದಳು. ದಾಕ್ಷಾಯಿಣಿ ಎದ್ದು ಬಂದು ರಾಚಪ್ಪನ ಅಂಗೈಯಲ್ಲಿ ಬನ್ನಿ ಇಟ್ಟಳು.

"ಎಡಗೈಲೆ ಕೊಡಾಕತ್ತೇನ್ರಿ ಕಾಕಾ" ಎಂದಳು. "ತಪ್ಪ ತಿಳೀಬ್ಯಾಡ್ರಿ."

ರಾಚಪ್ಪ ಬನ್ನಿ ತಗೊಂಡ. ಬಂಗಾರದಂಗ ಇರವ್ವಾ ಎಂದು ಹಿರಿಯರು ಹರಸುವ ಮಾತನ್ನು ಆಡುವ ಮುಖ ಅವನಿಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಎಲೆಗಳನ್ನು ಅವನು ಎಸೆಯಲೂ ಆಗದೆ, ದೇವರ ಮುಂದೆ ಇಡಲೂ ಆಗದೆ ಅಂಗಿಯ ಕಿಸೆಯಲ್ಲೇ ಬಿಟ್ಟ.

ದಿನ ಕಳೆದವು. ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಸುದ್ದಿ ಬಂತು, ದಾಕ್ಷಾಯಿಣಿ ಬರಲಿಲ್ಲ. ಅವಳ ಬದಲು ಗೆಳತಿಯೊಬ್ಬಳು ಬಂದು ಅವಳ ಏರುವ ಬೂಟುಗಳನ್ನು ಬಾಳೇಶನ ಮುಂದಿಟ್ಟಳು. "ಯಾರಿಗರ ಕೊಡ್ರಿ ಅಂತ ಹೇಳ್ಯಾಳ್ರಿ. ಹಿಡಿ ಜಾರಿದ್ದೋ ತನ್ನ ಕೈ ಬೆವತದ್ದೋ ತನಗ ತಿಳೀವಲ್ದಂತ. ತನ್ನ ಕೈ ತನಗ ತಿಳೀದಿದ್ರ ಏರೂದು ಹ್ಯಾಂಗ ಅಂತಾಳ್ರಿ." ಆ ವಾರದಿಂದ ಗೆಳತಿಯರೂ ಬರುವುದು ಬಿಟ್ಟರು.

ಅವತ್ತು ರಾಚಪ್ಪ ಊಟದ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದ, ತಿನ್ನಲಿಲ್ಲ. ಹಬ್ಬದಿಂದ ಗೂಟದಲ್ಲೇ ಇದ್ದ ಅಂಗಿಯನ್ನು ಶಿವವ್ವ ಒಗೆಯಲು ತೆಗೆದಾಗ ಕಿಸೆಯಲ್ಲಿ ಸಿಕ್ಕ ಒಣ ಬನ್ನಿಯನ್ನು ತಂದು ತೋರಿಸಿದಳು. ಅವನು ಎಲ್ಲ ಹೇಳಿದ. ಎಣ್ಣೆಯಿಂದ ಸೋಡಾವರೆಗೆ, ಒಂದೂ ಬಿಡದೆ.

ಶಿವವ್ವ ಕೇಳಿಸಿಕೊಂಡಳು. "ನನ್ನ ಮುಂದ ಹೇಳಿ ಏನ್ ಬಂತ್ರಿ?" ಎಂದಳು. "ನಾ ಏನ್ ಗೋಡಿ ಏರಾಕಿನ? ಮೂಡಲಗಿ ಬಸ್ಸು ಮುಂಜಾನೆ ಬಾಗಲಾ ಮುಂದ ಹೋಕ್ಕೈತಿ."

ಮುಂಜಾನೆ ಅವನು ಬಾಳೇಶನಿಗೂ ಎಲ್ಲ ಹೇಳಿ, ಬೂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಬಾಳೇಶ ಬೈಯಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಬೈದಿದ್ದರೆ ಬಸ್ಸಿನಲ್ಲಿ ಅಷ್ಟು ಹೊತ್ತು ಕೂರುವುದು ಸುಲಭವಾಗುತ್ತಿತ್ತು.

ಗಿರಣಿ ನಿಂತಿತ್ತು. ತಾಯಿ ಮಗಳಿಬ್ಬರೂ ಮನೆಯಲ್ಲಿದ್ದರು. ರಾಚಪ್ಪ ಕೂರಲಿಲ್ಲ, ನಿಂತೇ ಹೇಳಿದ. "ನಿನ್ನ ಕೈ ಬೆವತಿರಲಿಲ್ಲವ್ವಾ. ಹೋರಿ ಡುಬ್ಬಕ್ಕ ನಾ ಎಣ್ಣಿ ಹಚ್ಚಿದ್ದೆ, ಪೂಜಾದ ದಿನ. ನೀ ಬಿದ್ದ ಮ್ಯಾಲ ನಾನ ತೊಳದು ಒಣಗಿಸಿದೆ."

ಶಿವಗಂಗವ್ವ ಎದೆ ಮೇಲಿನ ಭಾರ ಇಳಿದವಳಂತೆ ಉಸಿರು ಬಿಟ್ಟಳು. "ಪೂಜಾಕಂತ ಹಚ್ಚೀರಲ್ರಿ ಯಣ್ಣಾ. ಬೇಕಂತ ಮಾಡೀರೇನು? ಕುಂದರ್ರಿ, ಚಾ ಮಾಡ್ತೇನಿ."

ದಾಕ್ಷಾಯಿಣಿ ಮಾತ್ರ ತನ್ನ ಬಲಗೈಯನ್ನು ತಿರುವಿ ನೋಡಿಕೊಳ್ಳುತ್ತಿದ್ದಳು. ಬೆರಳುಗಳನ್ನು ಒಮ್ಮೆ ಮಡಚಿದಳು, ಬಿಚ್ಚಿದಳು.

"ನಾ ಬನ್ನಿ ಕೊಡುವಾಗ ನಿಮಗ ಗೊತ್ತಿತ್ತೇನ್ರಿ ಕಾಕಾ?"

"ಗೊತ್ತಿತ್ತವ್ವಾ."

ಅವಳು ಬೂಟು ತಗೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಶಿವಗಂಗವ್ವ ಕೊಟ್ಟ ಚಹಾವನ್ನು ರಾಚಪ್ಪ ನಿಂತೇ ಕುಡಿದು, ಕಪ್ಪು ತೊಳೆದಿಟ್ಟು ಬಂದ.

ಕೆಲವು ದಿನ ಬಿಟ್ಟು ಅವಳು ಗೋದಾಮಿಗೆ ಬಂದಳು. ಹಿಡಿ ಒರಸೀರಿ ಎಂದು ಕೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ಮೊದಲ ಹಿಡಿಯನ್ನು ಮುಟ್ಟಿ, ಅಂಗೈಯನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದಳು. ಆಮೇಲೆ ಏರಿದಳು. ಮೇಲೆ ಹೋದಂತೆ ಪ್ರತಿ ಹಿಡಿಗೂ ಹಾಗೇ ಮಾಡಿದಳು. ಮರಳಿ ಬಂದ ಗೆಳತಿಯರು ಅದನ್ನು ನೋಡಿ ಕಲಿತರು, ಅವರನ್ನು ನೋಡಿ ಹೊಸಬರು ಕಲಿತರು. ಈಗ ಅಲ್ಲಿ ಯಾರೇ ಬರಲಿ, ಏರುವ ಮೊದಲು ಅಂಗೈ ಮೂಸುತ್ತಾರೆ. ಇದು ಎಲ್ಲ ಕಡೆಯ ಪದ್ಧತಿ ಎಂದೇ ಹಲವರ ತಿಳುವಳಿಕೆ. ಯಾರಾದರೂ ಯಾಕೆ ಎಂದು ಕೇಳಿದರೆ ರಾಚಪ್ಪ ಬ್ರಶ್ಶು ಕೆಳಗಿಟ್ಟು ಹೇಳುತ್ತಾನೆ: "ನಾ ಒಮ್ಮೆ ಎಣ್ಣಿ ಹಚ್ಚಿದ್ದೆ. ಹಚ್ಚಿ ಸುಮ್ಮನಿದ್ದೆ." ಪ್ರತಿ ಸಲ ಹೇಳುವಾಗಲೂ ಅವನ ಕಿವಿ ಬಿಸಿಯಾಗುತ್ತದೆ.

ಮುಂದಿನ ದಸರೆಗೆ ಗೋಡೆಗೆ ಹೂ ಮಾತ್ರ ಬಿತ್ತು. ದಶಮಿಯ ದಿನ ದಾಕ್ಷಾಯಿಣಿ ಬನ್ನಿ ಹಿಡಿದು ರಾಚಪ್ಪನ ಮುಂದೆ ಬಂದು ನಿಂತಳು. ತಗೊಳ್ಳಲು ಕೈ ಚಾಚಿದವನು ತಡೆದ. ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದ. ಮಿಲ್ಲಿನ ಕಾಲದ್ದು, ಯಾವ ಸಾಬೂನಿಗೂ ಹೋಗದ್ದು, ಅಲ್ಲೇ ಇತ್ತು.

"ವಾಸನಿ ಐತೇನ್ರಿ?" ಎಂದು ಕೇಳಿದಳು.

"ಐತವ್ವಾ."

"ಇರಲಿ, ಹಿಡೀರಿ" ಎಂದು ಬಲಗೈಯಿಂದ ಬನ್ನಿಯನ್ನು ಅವನ ಅಂಗೈಯಲ್ಲಿಟ್ಟು ಕಾಲು ಮುಟ್ಟಿದಳು. ಆಮೇಲೆ ಗೋಡೆಯ ಕಡೆ ಹೋಗುತ್ತ ಆ ಬಲಗೈಯನ್ನು ಮೂಸಿ ನೋಡಿ, ಪ್ಯಾಂಟಿಗೆ ಒರೆಸಿಕೊಂಡು, ಚಾಕ್ ಪುಡಿ ಹಚ್ಚಿಕೊಂಡು ಏರಿದಳು.